ಮೂರು ತುಂಬುವ ಮುನ್ನ

ಹೈದರಾಬಾದಿನ ಪೇಟ್ಲಾಬುರ್ಜಿನಲ್ಲಿರುವ ಸರ್ಕಾರಿ ಹೆರಿಗೆ ಆಸ್ಪತ್ರೆಯ ಮುಂದೆ ಬೆಳಗಿನ ಹೊತ್ತಿನಲ್ಲಿ ಹಾದುಹೋದವರಿಗೆ, ಈ ನಗರದ ಗರ್ಭಿಣಿಯರು ವೈದ್ಯರನ್ನು ಕಾಣಲು ತಡಮಾಡುತ್ತಾರೆಂಬ ಮಾತು ಸುಲಭವಾಗಿ ನಂಬಿಕೆಗೆ ಬಾರದು. ಚೀಟಿ ಬರೆಸುವಲ್ಲಿ ಸಾಲು, ರಕ್ತ ಕೊಡುವಲ್ಲಿ ಸಾಲು, ಸ್ಕ್ಯಾನಿಂಗ್ ಕೋಣೆಯ ಹೊರಗೆ ಮತ್ತೊಂದು ಸಾಲು. ಆ ಸಾಲುಗಳಲ್ಲಿ ಕೇಳಬರುವ ಭಾಷೆಗಳಾದರೋ ಉರ್ದು, ತೆಲುಗು, ಲಂಬಾಣಿ, ಮರಾಠಿ, ಮತ್ತು ಕಿವಿಗೊಟ್ಟು ನಿಂತರೆ ಕಲಬುರಗಿ ಯಾದಗಿರಿಗಳ ಕನ್ನಡ. ಕೋಠಿಯ ಸುಲ್ತಾನ್ ಬಜಾರಿನ ಹೆರಿಗೆ ಆಸ್ಪತ್ರೆಯಲ್ಲಿಯೂ ದೃಶ್ಯ ಬೇರೆಯಲ್ಲ. ಆದರೆ ನಿಂತವರ ತಲೆಗಳನ್ನು ಎಣಿಸುವುದನ್ನು ಬಿಟ್ಟು, ಅವರ ಕೈಯಲ್ಲಿರುವ ಕಾರ್ಡುಗಳಲ್ಲಿ ಕಡೆಯ ಮುಟ್ಟಿನ ದಿನಾಂಕವನ್ನೂ ಮೊದಲ ತಪಾಸಣೆಯ ದಿನಾಂಕವನ್ನೂ ಪಕ್ಕಪಕ್ಕದಲ್ಲಿಟ್ಟು ಓದಬಲ್ಲವರಿಗೆ ಬೇರೊಂದು ಕಥೆ ತಿಳಿದೀತು: ಒಬ್ಬಳಿಗೆ ಎಂಟು ವಾರಗಳ ಅಂತರ, ಅವಳ ಹಿಂದೆ ನಿಂತವಳಿಗೆ ಹದಿನಾಲ್ಕು, ಅವಳಾಚೆಯವಳಿಗೆ ಇಪ್ಪತ್ತೆರಡು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತವೆ. ಮೊದಲ ಮೂರು ತಿಂಗಳೊಳಗೆ ತಪಾಸಣೆಗೆ ಬಂದ ತಾಯಂದಿರ ಪ್ರಮಾಣ ನೂರಕ್ಕೆ 88.5, ಕನಿಷ್ಠ ನಾಲ್ಕು ಸಲ ತಪಾಸಣೆ ಮಾಡಿಸಿಕೊಂಡವರದು 70.4. ಇಡೀ ಭಾರತದ ಲೆಕ್ಕದಲ್ಲಿ ಈ ಎರಡು ಅಂಕಿಗಳು 70 ಮತ್ತು 58ರ ಆಸುಪಾಸಿನಲ್ಲಿವೆ. ಇಷ್ಟು ಮುಂದುವರಿದ ಸೀಮೆಯನ್ನೇ ವಿಳಂಬದ ವಿಚಾರಕ್ಕೆ ಆರಿಸಿಕೊಳ್ಳಬೇಕೇಕೆಂದು ವಾಚಕರು ಕೇಳಬಹುದು. ಕಾರಣವಿಷ್ಟೆ: ಆಸ್ಪತ್ರೆ ದೂರ, ಹೊಳೆಗೆ ಸೇತುವೆಯಿಲ್ಲ, ಗಾಡಿಗೆ ಹಣವಿಲ್ಲ ಎಂಬ ಎಲ್ಲರೂ ಬಲ್ಲ ಉತ್ತರಗಳು ಈ ನಗರದಲ್ಲಿ ಬಹುಮಟ್ಟಿಗೆ ಸವೆದುಹೋಗಿವೆ. 2018ರಿಂದೀಚೆಗೆ ಬಸ್ತಿ ದವಾಖಾನೆಗಳು ಗಲ್ಲಿಗಳ ಸಮೀಪಕ್ಕೇ ಬಂದಿವೆ. ನೋಂದಾಯಿಸಿಕೊಂಡ ಬಸುರಿಯನ್ನು ತಪಾಸಣೆಗೆ ಕರೆದೊಯ್ಯಲು 102ರ ‘ಅಮ್ಮ ಒಡಿ’ ಗಾಡಿಯುಂಟು. ಇಷ್ಟಿದ್ದೂ ಉಳಿದುಕೊಂಡಿರುವ ವಿಳಂಬವು ಎಲ್ಲಿ ಬೇರುಬಿಟ್ಟಿದೆಯೆಂಬುದು ಇಂಥ ಸ್ಥಳದಲ್ಲಿ ಕಂಡಷ್ಟು ನಿಚ್ಚಳವಾಗಿ ಬೇರೆಡೆ ಕಾಣುವುದಿಲ್ಲ.

ಒಂದು ಕಾಲಕ್ಕೆ ಈ ವಿಳಂಬದ ಸ್ಥಾನವೇ ಬೇರೆಯಾಗಿತ್ತು. 1885ರಲ್ಲಿ ಸ್ತ್ರೀಯರ ವೈದ್ಯೋಪಚಾರಕ್ಕೆಂದು ಲೇಡಿ ಡಫರಿನ್ ಹೆಸರಿನ ನಿಧಿ ಸ್ಥಾಪನೆಯಾದಾಗ, 1906ರಲ್ಲಿ ವೇಲ್ಸಿನ ರಾಜಕುಮಾರಿ ಹೈದರಾಬಾದಿನಲ್ಲಿ ವಿಕ್ಟೋರಿಯಾ ಜನಾನಾ ಆಸ್ಪತ್ರೆಗೆ ಶಂಕುಸ್ಥಾಪನೆ ಮಾಡಿದಾಗ, ಸ್ತ್ರೀಯರನ್ನು ಕಾಡುತ್ತಿದ್ದ ಪ್ರಶ್ನೆ ಹೆರಿಗೆಯ ನೋವು ಬಂದ ಮೇಲಿನದು. ಪರದೆಯ ಹಿಂದಿನಿಂದ ಹೊರಬಂದು ಪರಪುರುಷ ವೈದ್ಯನ ಕೈಗೆ ದೇಹವನ್ನೊಪ್ಪಿಸುವುದಕ್ಕಿಂತ ಸೂಲಗಿತ್ತಿಯ ಕೈಯಲ್ಲಿ ನವೆಯುವುದೇ ಮರ್ಯಾದೆಯೆಂದು ಬಗೆದ ಮನೆಗಳಲ್ಲಿ, ಆಸ್ಪತ್ರೆಯ ನೆನಪಾಗುತ್ತಿದ್ದುದು ಎಲ್ಲ ಉಪಾಯಗಳೂ ಮುಗಿದ ಬಳಿಕ. ಈ ಸಂಕಟಕ್ಕೆ ಅರಮನೆಯೂ ಹೊರತಾಗಿರಲಿಲ್ಲ. ನಿಜಾಮರ ಎರಡನೆಯ ಮಗನ ಪತ್ನಿಯೂ ಒಟ್ಟೊಮನ್ ರಾಜವಂಶದ ಕುವರಿಯೂ ಆಗಿದ್ದ ನೀಲೋಫರಳ ಪರಿಚಾರಿಕೆ ರಫತುನ್ನೀಸಾ 1949ರಲ್ಲಿ ತಕ್ಕ ವೈದ್ಯೋಪಚಾರವಿಲ್ಲದೆ ಹೆರಿಗೆಯಲ್ಲಿ ತೀರಿಕೊಂಡಳು. ಸ್ವತಃ ಮಕ್ಕಳಿಲ್ಲದ ಆ ರಾಜಕುಮಾರಿಯ ದುಃಖದ ಫಲವಾಗಿ 1953ರಲ್ಲಿ ರೆಡ್ ಹಿಲ್ಸಿನಲ್ಲಿ ತಾಯಿ ಮಕ್ಕಳ ಆಸ್ಪತ್ರೆ ತೆರೆಯಿತು. ಅದಕ್ಕೂ ಮುಂಚೆ, 1948ರಲ್ಲಿ, ಅಬಿಡ್ಸಿನ ಬೊಗ್ಗುಲಕುಂಟದಲ್ಲಿ ಫರ್ನಾಂಡಿಸ್ ದಂಪತಿಗಳು ಎರಡು ಹಾಸಿಗೆಗಳ ಚಿಕ್ಕ ಹೆರಿಗೆ ಮನೆಯೊಂದನ್ನು ಆರಂಭಿಸಿದ್ದರು. ಅಂದಿನಿಂದ ಇಂದಿನವರೆಗೆ ನಗರವು ಮಾಡಿದ ಸಾಧನೆಯೆಂದರೆ ವಿಳಂಬವನ್ನು ಒಂಬತ್ತನೆಯ ತಿಂಗಳಿನಿಂದ ಹೊರಗಟ್ಟಿದ್ದು. ಹಾಗೆ ಹೊರದೂಡಲ್ಪಟ್ಟ ವಿಳಂಬವು ಹಿಂದೆ ಸರಿಯುತ್ತ ಸರಿಯುತ್ತ ಇಂದು ಮೊದಲ ಮೂರು ತಿಂಗಳುಗಳಲ್ಲಿ ಬಂದು ಕುಳಿತಿದೆ.

ಆ ಮೂರು ತಿಂಗಳುಗಳಲ್ಲಿ ವೈದ್ಯರಿಗೇನು ಕೆಲಸ, ಹೊಟ್ಟೆಯೇ ಇನ್ನೂ ಕಾಣದಲ್ಲ, ಎಂದು ಕೇಳುವವರು ಈಗಲೂ ಬಹಳ. ಗರ್ಭವತಿಯನ್ನು ಹೆರಿಗೆಗೆ ಮೊದಲೇ ಪೋಷಿಸಿ ನೋಡಿಕೊಳ್ಳುವ ಆಸ್ಪತ್ರೆಯೊಂದು ಬೇಕೆಂದು ಎಡಿನ್‌ಬರೋದ ವೈದ್ಯ ಬ್ಯಾಲಂಟೈನ್ 1901ರಲ್ಲಿ ವಾದಿಸಿದಾಗ ಅಲ್ಲಿಯ ವೈದ್ಯವೃತ್ತಿಗೂ ಅದು ಹೊಸ ಮಾತಾಗಿತ್ತು. 1929ರಲ್ಲಿ ಬ್ರಿಟನ್ನಿನ ಆರೋಗ್ಯ ಖಾತೆ ವಿಧಿಸಿದ ತಪಾಸಣೆಯ ಕ್ರಮವೂ ಹದಿನಾರನೆಯ ವಾರದಿಂದಲೇ ಆರಂಭವಾಗುತ್ತಿತ್ತು. ಮೊದಲ ವಾರಗಳ ಮಹತ್ತ್ವ ತಿಳಿದದ್ದು ಅನಂತರ. ಶಿಶುವಿನ ಮೆದುಳು ಬೆನ್ನುಹುರಿಗಳಾಗುವ ನಾಳವು ಗರ್ಭ ನಿಂತ ಇಪ್ಪತ್ತೆಂಟು ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಮುಚ್ಚದೆ ಉಳಿಯುವ ವಿಕಲತೆಯನ್ನು ಬಹುಮಟ್ಟಿಗೆ ತಡೆಯಬಲ್ಲ ಫೋಲಿಕ್ ಆಮ್ಲದ ಮಾತ್ರೆಯು ಅದಕ್ಕೆ ಮುಂಚೆಯೇ ಹೊಟ್ಟೆ ಸೇರಿರಬೇಕು, ಅಂದರೆ ಬಸುರೆಂಬುದು ಖಚಿತವಾಗುವ ಮೊದಲೇ. ರಕ್ತದ ಗುಂಪು, ಸಕ್ಕರೆ, ಥೈರಾಯ್ಡ್, ಸಿಫಿಲಿಸ್, ಎಚ್.ಐ.ವಿ., ಇವುಗಳನ್ನು ಆರಂಭದಲ್ಲಿ ಅರಿತರೆ ಮದ್ದು ಮಗುವಿಗೂ ತಲುಪುತ್ತದೆ. ಮುಂದೆ ರಕ್ತದೊತ್ತಡವೇರಿ ಅಪಾಯಕ್ಕೀಡಾಗುವ ಸಂಭವವುಳ್ಳ ಹೆಂಗಸನ್ನು ಗುರುತಿಸಿ ಆಸ್ಪಿರಿನ್ನಿನ ಅಲ್ಪಪ್ರಮಾಣವನ್ನು ಹದಿನಾರು ವಾರ ತುಂಬುವುದರೊಳಗೆ ಆರಂಭಿಸಿದರೇ ಪೂರ್ಣ ಫಲ. ಹೆರಿಗೆಯ ದಿನವನ್ನು ಅಂದಾಜು ಮಾಡುವ ಸ್ಕ್ಯಾನಿಂಗು ಸಹ, ತಡವಾದಷ್ಟೂ, ತಪ್ಪುವ ಪ್ರಮಾಣ ಹೆಚ್ಚು. ಇವೆಲ್ಲಕ್ಕಿಂತ ಸಾಮಾನ್ಯವಾದದ್ದು ರಕ್ತಹೀನತೆ. ತೆಲಂಗಾಣದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ನೂರಕ್ಕೆ 53, ರಕ್ತಹೀನತೆಯುಳ್ಳವರೆಂದು ಅದೇ ಸಮೀಕ್ಷೆ ಹೇಳುತ್ತದೆ. ಕಬ್ಬಿಣದ ಮಾತ್ರೆಗಳಿಂದ ರಕ್ತ ತುಂಬಿಕೊಳ್ಳಲು ತಿಂಗಳುಗಳು ಬೇಕು. ಎಂಟನೆಯ ತಿಂಗಳಲ್ಲಿ ಬಿಳುಚಿಕೊಂಡು ಬಂದವಳಿಗೆ ಆ ತಿಂಗಳುಗಳನ್ನು ಯಾವ ವೈದ್ಯನೂ ಕಡವಾಗಿ ತಂದುಕೊಡಲಾರ.

ತಾಯಂದಿರ ಮರಣದ ಕಾರಣಗಳನ್ನು ಶೋಧಿಸಿದ ಥ್ಯಾಡಿಯಸ್ ಮತ್ತು ಮೇನ್ ಎಂಬ ವಿದ್ವಾಂಸೆಯರು 1994ರಲ್ಲಿ ವಿಳಂಬವನ್ನು ಮೂರಾಗಿ ವಿಂಗಡಿಸಿದರು: ಚಿಕಿತ್ಸೆ ಬೇಕೆಂದು ನಿರ್ಧರಿಸುವಲ್ಲಿ ಒಂದು, ಆಸ್ಪತ್ರೆಯನ್ನು ಸೇರುವಲ್ಲಿ ಒಂದು, ಸೇರಿದ ಮೇಲೆ ಚಿಕಿತ್ಸೆ ದೊರೆಯುವಲ್ಲಿ ಮತ್ತೊಂದು. ಅವರು ಹೇಳಿದ್ದು ಹೆರಿಗೆಯ ಕಾಲದ ಆಪತ್ತನ್ನು ಕುರಿತು. ಗರ್ಭಾರಂಭದ ತಪಾಸಣೆಗೆ ಈ ವಿಂಗಡಣೆಯನ್ನು ಅನ್ವಯಿಸುವಾಗ ಮೊದಲನೆಯದೇ ಮಿಕ್ಕೆರಡನ್ನು ನುಂಗಿಬಿಡುತ್ತದೆ. ಮತ್ತು ಆ ಮೊದಲನೆಯ ನಿರ್ಧಾರವು ಬಸುರಿಯೊಬ್ಬಳದೇ ಎಂದು ತಿಳಿದುಕೊಂಡರೆ ನಮ್ಮ ಮನೆಗಳ ವ್ಯವಸ್ಥೆಯನ್ನೇ ನಾವು ಅರಿಯೆವೆಂದಾಯಿತು.

ಮುಟ್ಟು ನಿಂತ ಸಂಗತಿ ಮೊದಲು ತಿಳಿಯುವುದು ಆ ಹೆಣ್ಣಿಗೆ, ಅನಂತರ ಗಂಡನಿಗೆ, ಆಮೇಲೆ ಅತ್ತೆಗೋ ತಾಯಿಗೋ. ಅಲ್ಲಿಗೆ ಸುದ್ದಿಯ ಪಯಣ ನಿಲ್ಲುತ್ತದೆ. ಮೂರು ತಿಂಗಳು ತುಂಬುವ ತನಕ ಹೊರಗೆ ಬಾಯಿಬಿಡಬಾರದೆಂಬ ನೇಮವನ್ನು ನಮ್ಮಲ್ಲಿ ಎಷ್ಟೋ ಮನೆಗಳು ಯಾರೂ ಹೇಳಿಕೊಡದೆಯೇ ಪಾಲಿಸಿಕೊಂಡು ಬಂದಿವೆ. ಇದನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವವರು ಒಂದು ವಿಷಯವನ್ನು ಮರೆಯುತ್ತಾರೆ: ಗರ್ಭಗಳು ಇಳಿದುಹೋಗುವುದು ಹೆಚ್ಚಾಗಿ ಆ ಮೂರು ತಿಂಗಳುಗಳಲ್ಲಿಯೇ, ಮತ್ತು ಇಳಿದುಹೋದ ಗರ್ಭದ ಹೊಣೆಯನ್ನು ಊರಿನ ಬಾಯಿ ಹೊರಿಸುವುದು ಹೆಣ್ಣಿನ ಮೇಲೆಯೇ. ದೃಷ್ಟಿ ತಾಗೀತೆಂಬ ಭಯವು ಈ ಅನುಭವಕ್ಕೆ ತೊಡಿಸಿದ ಹಳೆಯ ಉಡುಪು. ಮೌನವು ಆ ಹೆಣ್ಣಿಗೆ ರಕ್ಷೆಯಾಗಿತ್ತು. ಕಷ್ಟವೆಂದರೆ ಆ ರಕ್ಷೆ ಅವಳನ್ನು ನೆರೆಯವರಿಂದ ಮರೆಮಾಡಿದಂತೆ ವೈದ್ಯರಿಂದಲೂ ಮರೆಮಾಡುತ್ತದೆ. ಗಲ್ಲಿಯ ಬಸ್ತಿ ದವಾಖಾನೆಗೆ ಹೋದರೆ ಅಲ್ಲಿ ಬೆಂಚಿನ ಮೇಲೆ ಕುಳಿತಿರುವವರೆಲ್ಲ ಪರಿಚಿತರು. ದವಾಖಾನೆ ಸಮೀಪಕ್ಕೆ ಬಂದದ್ದೇ ಗುಟ್ಟಿಗೆ ತೊಡಕಾಯಿತು. ದೂರದ ಆಸ್ಪತ್ರೆಯಲ್ಲಾದರೆ ಯಾರ ಕಣ್ಣಿಗೂ ಬೀಳದೆ ಬರಬಹುದಿತ್ತು. ಆರೋಗ್ಯದ ಯೋಜನೆಗಳನ್ನು ಹಾಕುವವರು ಮೈಲಿಗಳನ್ನು ಅಳೆಯುತ್ತಾರೆ, ಕಣ್ಣುಗಳನ್ನು ಲೆಕ್ಕಹಾಕುವುದಿಲ್ಲ.

ಮನೆಯ ಹಿರಿಯ ಹೆಂಗಸಿನ ಮಾತು ಇಲ್ಲಿ ತೀರ್ಪಿನ ಮಾತು. “ಮೂರು ತುಂಬಲಿ, ಆಮ್ಯಾಗ ನೋಡೋಣು” ಎಂಬುದು ಕಲಬುರಗಿಯ ಅತ್ತೆಯ ನಿತ್ಯದ ಉತ್ತರ, “ನಾವೇನ್ ದವಾಖಾನಿ ನೋಡಿ ಹಡದೇವೇನು?” ಎಂಬುದು ಅದರ ಬೆನ್ನಿಗೇ ಬರುವ ಪ್ರಶ್ನೆ. ಈ ಪ್ರಶ್ನೆಗೆ ಉತ್ತರವಿಲ್ಲವೆಂದಲ್ಲ. ಹಾಗೆ ಹಡೆದು ಉಳಿಯದವರು ಸಾಕ್ಷಿ ಹೇಳಲು ಬರಲಾರರೆಂಬುದೇ ಅದರ ಉತ್ತರ. ಆದರೆ ಇಪ್ಪತ್ತರ ಹರೆಯದ ಸೊಸೆ ಅತ್ತೆಯ ಎದುರಿಗೆ ಇಂಥ ತರ್ಕವನ್ನು ಹೂಡುವಳೆಂದು ನಿರೀಕ್ಷಿಸುವುದು ಅನ್ಯಾಯ. ಎರಡನೆಯ ಮೂರನೆಯ ಬಸುರಾದರೆ ಆಕೆಯೇ ತನ್ನ ಅತ್ತೆಯಾಗುತ್ತಾಳೆ. ಮೊದಲನೆಯದು ಸುಸೂತ್ರವಾಗಿದ್ದರೆ ಎರಡನೆಯದಕ್ಕೆ ಅವಸರವೇಕೆಂಬ ವಿಶ್ವಾಸ ತಾನಾಗಿಯೇ ಹುಟ್ಟುತ್ತದೆ, ಜತೆಗೆ ಸೊಂಟದ ಮೇಲಿನ ಕೂಸನ್ನು ಯಾರ ಕೈಗಿತ್ತು ಸಾಲಿನಲ್ಲಿ ನಿಲ್ಲುವುದೆಂಬ ತೊಡಕು ಬೇರೆ.

ಇನ್ನು ಕೆಲವರಿಗೆ ಬಸುರೆಂಬುದೇ ತಿಳಿದಿರುವುದಿಲ್ಲ. ಮುಟ್ಟು ಸದಾ ಅನಿಯತವಾಗಿರುವವರು, ಹಾಲೂಡಿಸುತ್ತಿರುವ ಕಾಲದಲ್ಲಿ ಮುಟ್ಟು ಮರಳುವ ಮೊದಲೇ ಗರ್ಭ ಧರಿಸಿದವರು, ನಾಲ್ಕನೆಯ ಐದನೆಯ ತಿಂಗಳಲ್ಲಿ ಹೊಟ್ಟೆಯೊಳಗೆ ಚಲನೆ ಕಂಡಾಗಲೇ ಎಚ್ಚರಗೊಳ್ಳುವುದುಂಟು. ಬೇಡದ ಬಸುರನ್ನು ಔಷಧದ ಅಂಗಡಿಯ ಮಾತ್ರೆಯಿಂದ ಕಳೆದುಕೊಳ್ಳಲು ಯತ್ನಿಸಿ ವಿಫಲರಾದವರು ಹೆದರಿಕೆಯಿಂದಲೇ ಕೆಲವು ವಾರಗಳನ್ನು ನುಂಗುತ್ತಾರೆ.

ಕಲ್ಯಾಣ ಕರ್ನಾಟಕದ ಮನೆಗಳಲ್ಲಿ ಗರ್ಭವು ಲೋಕವಿದಿತವಾಗುವ ವಿಧಿ ಕುಬುಸ. ಐದರಲ್ಲೋ ಏಳರಲ್ಲೋ ಹಸಿರು ಸೀರೆಯುಡಿಸಿ, ಉಡಿ ತುಂಬಿ, ಹತ್ತು ಮಂದಿಗೆ ಊಟವಿಕ್ಕಿ, ಚೊಚ್ಚಲಾದರೆ ತವರಿಗೆ ಕಳುಹಿಸುವುದು ರೂಢಿ. ಬೀದರಿನಿಂದ ಹೈದರಾಬಾದಿಗೆ ಮದುವೆಯಾಗಿ ಬಂದವಳು ಆರು ತಿಂಗಳು ಇಲ್ಲಿಯ ವೈದ್ಯೆಯನ್ನು ಕಂಡಿದ್ದರೂ ಏಳರಲ್ಲಿ ಬೀದರಿಗೆ ಹೋಗಿ ಅಲ್ಲಿ ಹೊಸದಾಗಿ ಮೊದಲಿಡುತ್ತಾಳೆ. ಇಲ್ಲಿಯ ಪುಸ್ತಕ ಇಲ್ಲಿ, ಅಲ್ಲಿಯ ‘ತಾಯಿ ಕಾರ್ಡ್’ ಅಲ್ಲಿ, ನಡುವೆ ಒಂದೂವರೆ ತಿಂಗಳು ಯಾರ ಲೆಕ್ಕಕ್ಕೂ ಸೇರದೆ ಜಾರಿಹೋಗುತ್ತದೆ. ಮೊದಲ ತಪಾಸಣೆಯ 88ರಿಂದ ನಾಲ್ಕನೆಯದರ 70ಕ್ಕೆ ಇಳಿಯುವ ಲೆಕ್ಕದಲ್ಲಿ ಈ ತವರಿನ ದಾರಿಗೂ ಒಂದು ಪಾಲಿದೆಯೆಂಬುದು ನನ್ನ ಊಹೆ.

ಮನೆಯನ್ನಷ್ಟೇ ದೂರಿ ಕೈತೊಳೆದುಕೊಳ್ಳುವುದಕ್ಕೆ ಬರುವುದಿಲ್ಲ. ಸರ್ಕಾರವೂ ಅತ್ತೆಯ ಮಾತನ್ನೇ ತನ್ನ ಭಾಷೆಯಲ್ಲಿ ಆಡುತ್ತ ಬಂದಿದೆ. ಪ್ರತಿ ತಿಂಗಳ 9ನೆಯ ತಾರೀಖಿನಂದು ತಜ್ಞರಿಂದ ಉಚಿತ ತಪಾಸಣೆ ಮಾಡಿಸುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನವು 2016ರಲ್ಲಿ ರೂಪುಗೊಂಡದ್ದು ಎರಡನೆಯ ಮತ್ತು ಮೂರನೆಯ ತ್ರೈಮಾಸಿಕದ ಗರ್ಭಿಣಿಯರಿಗಾಗಿ, ಎಂದರೆ ಮೂರು ತುಂಬಿದವರಿಗಾಗಿ. 2017ರ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯು ತನ್ನ ಮೊದಲ ಕಂತಿಗೆ ವಿಧಿಸಿದ ‘ಶೀಘ್ರ ನೋಂದಣಿ’ಯ ಗಡುವು ಕಡೆಯ ಮುಟ್ಟಿನಿಂದ 150 ದಿನವಾಗಿತ್ತು; ಐದು ತಿಂಗಳನ್ನು ಶೀಘ್ರವೆಂದು ಕರೆದ ಮೇಲೆ ಜನ ಅವಸರಪಡಲಿಲ್ಲವೆಂದು ಆಕ್ಷೇಪಿಸುವುದೆಂತು? ಅದೇ ವರ್ಷದ ಜೂನ್ ತಿಂಗಳಲ್ಲಿ ಪೇಟ್ಲಾಬುರ್ಜಿನ ಆಸ್ಪತ್ರೆಯಿಂದಲೇ ಆರಂಭವಾದ ತೆಲಂಗಾಣದ ಕೆ.ಸಿ.ಆರ್. ಕಿಟ್ ಯೋಜನೆಯು ಗಂಡು ಹುಟ್ಟಿದರೆ 12,000, ಹೆಣ್ಣು ಹುಟ್ಟಿದರೆ 13,000 ರೂಪಾಯಿಗಳನ್ನು ಕಂತುಗಳಲ್ಲಿ ಕೊಟ್ಟಿತು. ಮೊದಲ 3,000 ಬರುತ್ತಿದ್ದುದು ಎರಡು ತಪಾಸಣೆಗಳಾದ ಮೇಲೆ, ಸೋಪು, ಸೊಳ್ಳೆಪರದೆ, ಮಗುವಿನ ಬಟ್ಟೆಗಳ ಆ ಮೋಹಕವಾದ ಪೆಟ್ಟಿಗೆ ಕೈಸೇರುತ್ತಿದ್ದುದು ಹೆರಿಗೆಯಾದ ಮೇಲೆ. ಕರ್ನಾಟಕದ ‘ಮಡಿಲು’ ಕಿಟ್ಟಿನದೂ ಇದೇ ಸ್ವಭಾವವಾಗಿತ್ತು. ಹೆರಿಗೆಯನ್ನು ಸರ್ಕಾರಿ ಆಸ್ಪತ್ರೆಗೆ ಸೆಳೆಯುವುದು ಉದ್ದೇಶವಾಗಿತ್ತು, ಉದ್ದೇಶ ಈಡೇರಿತು.

ಫಿನ್ಲೆಂಡ್ ದೇಶದಲ್ಲಿ ಇಂಥದೇ ಒಂದು ಪೆಟ್ಟಿಗೆಯುಂಟು. 1938ರಲ್ಲಿ ಬಡ ತಾಯಂದಿರಿಗೆಂದು ಮೊದಲಾದದ್ದನ್ನು 1949ರಲ್ಲಿ ಎಲ್ಲ ತಾಯಂದಿರಿಗೂ ವಿಸ್ತರಿಸಿದಾಗ, ನಾಲ್ಕನೆಯ ತಿಂಗಳು ಮುಗಿಯುವ ಮೊದಲು ವೈದ್ಯರನ್ನೋ ಪುರಸಭೆಯ ತಾಯಂದಿರ ಕೇಂದ್ರವನ್ನೋ ಕಂಡವಳಿಗೇ ಪೆಟ್ಟಿಗೆಯೆಂದು ಅವರು ನಿಬಂಧನೆ ಹಾಕಿದರು. ಪೆಟ್ಟಿಗೆಯ ಆಸೆಯನ್ನು ಅವರು ಪಯಣದ ಆರಂಭದಲ್ಲಿಟ್ಟರು, ನಾವು ಕೊನೆಯಲ್ಲಿಟ್ಟೆವು. ನಮ್ಮ ಯೋಜನೆಗಳಲ್ಲಿ ತಿದ್ದಲು ಎಲ್ಲಕ್ಕಿಂತ ಸುಲಭವಾದ ದೋಷ ಇದೇ ಎಂದು ನನಗೆ ತೋರುತ್ತದೆ.

ಆಸ್ಪತ್ರೆಯ ಒಳಗಿನ ಅನುಭವವೂ ಮುಂದಿನ ಬಸುರಿನ ದಿನಗಳನ್ನು ತಿನ್ನುತ್ತದೆ. ಒಮ್ಮೆ ಬೆಳಗಿನಿಂದ ಸಂಜೆಯವರೆಗೆ ನಿಂತು, “ಇಷ್ಟು ಬೇಗ ಇನ್ನೊಂದೇ?” ಎಂಬ ಗದರಿಕೆಯನ್ನು ನಾಲ್ಕು ಜನರೆದುರಿಗೆ ಕೇಳಿಸಿಕೊಂಡವಳು ಮರುಬಾರಿ ಆ ಬಾಗಿಲನ್ನು ಆದಷ್ಟು ತಡವಾಗಿ ತುಳಿಯುವುದು ಸಹಜ. ಶಸ್ತ್ರಕ್ರಿಯೆಯ ಭಯ ಅದಕ್ಕಿಂತ ಆಳವಾದದ್ದು. ತೆಲಂಗಾಣದಲ್ಲಿ ನೂರಕ್ಕೆ 60.7 ಹೆರಿಗೆಗಳು ಸಿಸೇರಿಯನ್ ಎಂದೂ, ಖಾಸಗಿ ಆಸ್ಪತ್ರೆಗಳಲ್ಲಿ ಈ ಪ್ರಮಾಣ 81.5 ಎಂದೂ ಸಮೀಕ್ಷೆ ತಿಳಿಸುತ್ತದೆ. “ದವಾಖಾನಿಗೆ ಹೋದ್ರ ಹೊಟ್ಟಿ ಕೊಯ್ತಾರ” ಎನ್ನುವ ಮುದುಕಿಯನ್ನು ಈ ಅಂಕಿಗಳನ್ನು ಕಂಡ ಮೇಲೆ ಅಜ್ಞಾನಿಯೆನ್ನಲು ನಾನು ಸಿದ್ಧನಿಲ್ಲ. ಈ ಭಯವನ್ನು ಕಡಿಮೆ ಮಾಡುವ ದಾರಿ ಉಪದೇಶದಿಂದ ದೊರೆಯಲಿಲ್ಲ. ಸಹಜ ಹೆರಿಗೆಯನ್ನು ನಿರ್ವಹಿಸಬಲ್ಲ ತರಬೇತಿ ಪಡೆದ ಸೂಲಗಿತ್ತಿ ದಾದಿಯರನ್ನು ತೆಲಂಗಾಣ ಸರ್ಕಾರವು, ಫರ್ನಾಂಡಿಸ್ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ, ತನ್ನ ಆಸ್ಪತ್ರೆಗಳಿಗೆ ತಂದದ್ದು ಆ ದಿಕ್ಕಿನ ಕೆಲಸ.

ಗಚ್ಚಿಬೌಲಿಯ ಕಂಪ್ಯೂಟರ್ ಕಂಪನಿಗಳ ವಿದ್ಯಾವಂತೆಯರು ಈ ಕಥೆಗೆ ಹೊರಗಿನವರೆಂದು ಯಾರೂ ಭಾವಿಸಬೇಕಾಗಿಲ್ಲ. ಅವರು ಎಂಟನೆಯ ವಾರದಲ್ಲೇ ಸ್ಕ್ಯಾನಿಂಗಿಗೆ ಹೋಗುತ್ತಾರೆ, ನಿಜ. ಆದರೆ ಮೇಲಧಿಕಾರಿಗೆ ಹೇಳುವುದನ್ನು ಮುಂದೂಡುತ್ತಾರೆ, ಹೇಳದ್ದರಿಂದ ರಜೆ ಕೇಳಲಾಗದೆ ನಡುವಿನ ತಪಾಸಣೆಗಳನ್ನು ತಪ್ಪಿಸಿಕೊಳ್ಳುತ್ತಾರೆ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರಗಳಾಗಿದೆ. ಆದರೂ ಅತ್ತೆಯ ಭಯದ ಜಾಗದಲ್ಲಿ ಬಡ್ತಿ ತಪ್ಪೀತೆಂಬ ಭಯ ಬಂದಿದೆ.

ಅದೇ ಗಚ್ಚಿಬೌಲಿ, ನಾನಕ್‌ರಾಮ್‌ಗುಡ, ಕೊಂಡಾಪುರಗಳಲ್ಲಿ ಏಳುತ್ತಿರುವ ಗಗನಚುಂಬಿಗಳ ಬುಡದಲ್ಲಿ, ತಗಡಿನ ಶೆಡ್ಡುಗಳ ಸಾಲಿನಲ್ಲಿ, ಈ ವಿಳಂಬದ ಅತ್ಯಂತ ಕಠಿಣ ರೂಪವಿದೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆದಂದಿನಿಂದ ಕಲಬುರಗಿ ಸೀಮೆಗೆ ಹೈದರಾಬಾದು ಹತ್ತಿರದ ಪಟ್ಟಣ. 1956ರಲ್ಲಿ ರಾಜ್ಯಗಳು ಬೇರೆಯಾದವೇ ಹೊರತು ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಹಾಯುವ ಆ ಹಳಿ ಹಾಗೆಯೇ ಉಳಿಯಿತು. ಮಳೆ ಕೈಕೊಟ್ಟ ವರ್ಷ, ರಾಶಿ ಮುಗಿದ ತಿಂಗಳು, ಯಾದಗಿರಿಯ ತಾಂಡಾಗಳಿಂದಲೂ ಹಳ್ಳಿಗಳಿಂದಲೂ ಮಂದಿ ಗುಳೆ ಹೊರಡುತ್ತಾರೆ. ಗಂಡಹೆಂಡಿರಿಬ್ಬರೂ ಮುಂಗಡ ಹಿಡಿದು ಬಂದಿದ್ದರೆ ದಿನದ ಕೂಲಿ ಇಬ್ಬರದೂ ಸೇರಿ ಲೆಕ್ಕ; ಹೆಂಡತಿ ಆಸ್ಪತ್ರೆಗೆ ಹೋದ ದಿನ ಅವಳ ಕೂಲಿ ಹೋಗುತ್ತದೆ, ಜತೆಗೆ ಹೋದ ಗಂಡನದೂ ಹೋಗುತ್ತದೆ, ಆಟೋದ ಹಣ ಹೋಗುತ್ತದೆ, ಅಷ್ಟಾಗಿ ಮೊದಲ ದಿನ ಚೀಟಿ ಮಾಡಿಸಿ ರಕ್ತ ಕೊಟ್ಟು ಬಂದರೆ ಫಲಿತಾಂಶಕ್ಕೂ ಸ್ಕ್ಯಾನಿಂಗಿಗೂ ಮತ್ತೊಂದು ದಿನ. ತಪಾಸಣೆ ಉಚಿತವೆಂದು ಗೋಡೆಯ ಮೇಲೆ ಬರೆದಿರುವುದು ಸತ್ಯವೇ ಆದರೂ ಮೂರನೆಯ ಮಹಡಿಗೆ ಇಟ್ಟಿಗೆ ಹೊರುವವಳಿಗೆ ಅದು ದುಬಾರಿ. ಬಸುರೆಂದು ಮೇಸ್ತ್ರಿಗೆ ತಿಳಿದರೆ ಹಗುರವಾದ ಕೆಲಸ ಕೊಡಬಹುದು, ಕೆಲಸವನ್ನೇ ತೆಗೆಯಲೂಬಹುದು. ಈ ಎರಡನೆಯ ಸಾಧ್ಯತೆಗೆ ಹೆದರಿ ಸೆರಗಿನಲ್ಲಿ ಮುಚ್ಚಿಕೊಂಡು ಐದು ತಿಂಗಳು ಸಾಗಿಸುವುದೂ ಒಂದು ಲೆಕ್ಕಾಚಾರ. ಜತೆಗೆ ಆಸ್ಪತ್ರೆಯ ಭಾಷೆ ತೆಲುಗು, ಅವಳ ವಿಳಾಸ ಕರ್ನಾಟಕದ್ದು. ತೆಲಂಗಾಣದ ಕಿಟ್ಟಿನ ಹಣ ತೆಲಂಗಾಣದ ನಿವಾಸಿಗಳಿಗೆ ಮೀಸಲಾಗಿತ್ತು. ಕರ್ನಾಟಕದ ಸೌಲಭ್ಯ ಬೇಕೆಂದರೆ ಊರಿಗೆ ಮರಳಬೇಕು. “ಹೆಂಗೂ ಯುಗಾದಿಗೆ ಊರಿಗೆ ಹೋಗೋದೈತಲ್ಲ, ಅಲ್ಲೇ ತೋರಿಸಿದ್ರಾತು” ಎಂಬ ಸಮಾಧಾನದಲ್ಲಿ ಆರು ತಿಂಗಳು ಕಳೆಯುತ್ತವೆ.

ಮೊದಲ ವಾರಗಳಲ್ಲಿ ಗರ್ಭವನ್ನು ಕಂಡುಹಿಡಿಯಬಲ್ಲವಳು ನಮ್ಮ ವ್ಯವಸ್ಥೆಯಲ್ಲಿ ಒಬ್ಬಳೇ: ಆಶಾ ಕಾರ್ಯಕರ್ತೆ. 2005ರಲ್ಲಿ ಆರಂಭವಾದ ಈ ಏರ್ಪಾಡಿನಲ್ಲಿ ಆಕೆಯ ಕೈಯಲ್ಲೊಂದು ಅರ್ಹ ದಂಪತಿಗಳ ಪಟ್ಟಿಯಿರುತ್ತದೆ. 2008ರಿಂದೀಚೆಗೆ ‘ನಿಶ್ಚಯ್’ ಎಂಬ ಮೂತ್ರಪರೀಕ್ಷೆಯ ಪೊಟ್ಟಣವೂ ಸೇರಿತು. ಪಟ್ಟಿ ಹಿಡಿದು ತಿಂಗಳಿಗೊಮ್ಮೆ ಮನೆಯ ಹೊಸ್ತಿಲಿಗೆ ಬಂದು, “ಈ ತಿಂಗಳು ಹೊರಗಾದೆಯೇನವ್ವಾ?” ಎಂದು ಅಡಿಗೆಮನೆಯ ಮಾತಿನ ನಡುವೆ ಕೇಳಿ ತಿಳಿದುಕೊಳ್ಳುವ ಈಕೆಯಿಂದ ಗುಟ್ಟು ಹೊರಬೀಳುವುದಿಲ್ಲವೆಂಬ ನಂಬಿಕೆಯಿರುವ ಕಡೆ, ಅತ್ತೆಗೆ ತಿಳಿಯುವ ಮೊದಲೇ ಫೋಲಿಕ್ ಆಮ್ಲದ ಮಾತ್ರೆ ಸೊಸೆಯ ಕೈಸೇರಿದ್ದುಂಟು. ಆದರೆ ಆಶಾಳ ಪಟ್ಟಿ ಮನೆಗಳನ್ನು ಅನುಸರಿಸಿ ತಯಾರಾದದ್ದು. ಆರು ತಿಂಗಳಿಗೊಮ್ಮೆ ಕಟ್ಟಡದಿಂದ ಕಟ್ಟಡಕ್ಕೆ ಸ್ಥಳಾಂತರವಾಗುವ ಶೆಡ್ಡುಗಳಿಗೆ ಮನೆಯ ನಂಬರಿಲ್ಲ, ಬಿಲ್ಡರನ ಕಾವಲುಗಾರ ಗೇಟಿನಿಂದಾಚೆಗೆ ಆಕೆಯನ್ನು ಬಿಡಬೇಕೆಂದೇನೂ ಇಲ್ಲ, ಯಾದಗಿರಿಯ ಆಶಾಳ ಪುಸ್ತಕದಲ್ಲಿ ಆ ಹೆಸರಿನ ಮುಂದೆ ‘ಗುಳೆ ಹೋಗಿದ್ದಾರೆ’ ಎಂದು ಬರೆದಿರುತ್ತದೆ, ಹೈದರಾಬಾದಿನ ಆಶಾಳ ಪುಸ್ತಕದಲ್ಲಿ ಆ ಹೆಸರೇ ಇರುವುದಿಲ್ಲ.